ಮರ್ಯಾದೆ ಹೆಸರಿನ ಹಿಂಸೆ ಮತ್ತು ಬಲವಂತದ ಮದುವೆ: ಕುರ್ದ್ ಸಮುದಾಯಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕುರ್ದ್ ಜನ ಅಂದ್ರೆ ಯಾರು? ಅವರ ದೇಶ ಯಾವುದು?

ಅವರಿಗೆ ಸ್ವಂತ ದೇಶ ಇಲ್ಲ. ಟರ್ಕಿ, ಇರಾಕ್, ಇರಾನ್, ಸಿರಿಯಾ ಈ ನಾಲ್ಕು ದೇಶಗಳ ಗಡಿಗಳು ಸೇರುವ ಗುಡ್ಡಗಾಡಿನಲ್ಲಿ ಹಂಚಿಹೋಗಿದ್ದಾರೆ. ಇರಾಕಿನ ಉತ್ತರ ಭಾಗದಲ್ಲಿ ಮಾತ್ರ ಅವರದೇ ಸಂಸತ್ತು, ಸರ್ಕಾರ ಇರುವ ‘ಕುರ್ದಿಸ್ತಾನ’ ಅನ್ನುವ ಸ್ವಾಯತ್ತ ಪ್ರದೇಶ ಇದೆ. ಅರ್ಬಿಲ್, ಸುಲೈಮಾನಿಯಾ, ದೊಹೂಕ್ ಅಲ್ಲಿನ ಮುಖ್ಯ ಊರುಗಳು. ಯುದ್ಧ, ದಬ್ಬಾಳಿಕೆ, ಕೆಲಸದ ಹುಡುಕಾಟ ಹೀಗೆ ನಾನಾ ಕಾರಣಕ್ಕೆ ಲಕ್ಷಾಂತರ ಕುರ್ದರು ಜರ್ಮನಿ, ಸ್ವೀಡನ್, ಬ್ರಿಟನ್ ಸೇರಿದ್ದಾರೆ. ಈ ಪುಟದಲ್ಲಿ ಬರುವ ಘಟನೆಗಳು ಊರಲ್ಲೂ ನಡೆದಿವೆ, ವಲಸೆ ಹೋದ ಕಡೆಯೂ ನಡೆದಿವೆ.

ಕೌಟುಂಬಿಕ ಹಿಂಸೆ ಅಂದ್ರೆ ಸಾಲದಾ? ‘ಮರ್ಯಾದೆ ಹೆಸರಿನ ಹಿಂಸೆ’ ಅಂತ ಬೇರೆ ಯಾಕೆ ಹೇಳಬೇಕು?

ಸಾಲದು. ಕುಡಿದು ಬಂದು ಹೊಡೆಯುವ ಗಂಡನಿಂದ ತಪ್ಪಿಸಿಕೊಂಡ ಹೆಂಗಸು ತವರಿಗೆ ಹೋಗಬಹುದು. ಇಲ್ಲಿ ತವರೇ ಅಪಾಯ. ಅಪ್ಪ, ಅಣ್ಣ, ಚಿಕ್ಕಪ್ಪ, ಅವರ ಮಕ್ಕಳು ಒಟ್ಟಿಗೆ ಕೂತು ಮಾತಾಡಿ ತೀರ್ಮಾನ ಮಾಡುತ್ತಾರೆ. ಸಿಟ್ಟಿನ ಭರದಲ್ಲಿ ಆಗುವ ಕೆಲಸ ಇದಲ್ಲ. ಯಾರು ಕರೆದುಕೊಂಡು ಬರಬೇಕು, ಯಾರು ಕೈ ಎತ್ತಬೇಕು, ಆಮೇಲೆ ಯಾರು ತಪ್ಪೊಪ್ಪಿಕೊಳ್ಳಬೇಕು ಅನ್ನುವುದೂ ನಿಗದಿಯಾಗಿರುತ್ತದೆ. ಶಿಕ್ಷೆ ಕಡಿಮೆಯಾಗಲಿ ಅಂತ ಚಿಕ್ಕ ವಯಸ್ಸಿನ ಹುಡುಗನ ಕೈಯಲ್ಲಿ ಕೊಲೆ ಮಾಡಿಸಿದ್ದೂ ಉಂಟು.

ಇನ್ನೊಂದು ವ್ಯತ್ಯಾಸ ಇದೆ. ಸಾಮಾನ್ಯವಾಗಿ ಅಪರಾಧ ಮಾಡಿದವನನ್ನು ನೆರೆಹೊರೆಯವರು ದೂರ ಇಡುತ್ತಾರೆ. ಇಲ್ಲಿ ಕೆಲವರು ಬೆನ್ನು ತಟ್ಟುತ್ತಾರೆ. ಕೊಲ್ಲದೆ ಸುಮ್ಮನಿದ್ದ ಅಪ್ಪನನ್ನು ‘ಮಾನ ಇಲ್ಲದವನು’ ಅಂತ ಹಂಗಿಸುತ್ತಾರೆ. ಪೊಲೀಸರು, ಸಮಾಜ ಕಾರ್ಯಕರ್ತರು ಇದನ್ನು ಅರ್ಥ ಮಾಡಿಕೊಳ್ಳದೆ ಹುಡುಗಿಯನ್ನು ‘ಕುಟುಂಬದ ಜೊತೆ ರಾಜಿ ಮಾಡಿಸಿ’ ಮನೆಗೆ ಕಳಿಸಿಬಿಟ್ಟರೆ, ಅವಳನ್ನು ನೇರವಾಗಿ ಅಪಾಯದ ಕೈಗೆ ಕೊಟ್ಟಂತೆ.

ಯಾವ ‘ತಪ್ಪಿಗೆ’ ಇಷ್ಟೆಲ್ಲ ಆಗುತ್ತದೆ?

ತಮ್ಮಿಷ್ಟದ ಹುಡುಗನ ಜೊತೆ ಓಡಾಡಿದ್ದು, ಮನೆಯವರು ನೋಡಿದ ವರನನ್ನು ಬೇಡ ಅಂದದ್ದು, ಗಂಡನನ್ನು ಬಿಟ್ಟು ಬಂದದ್ದು. ಕೆಲವೊಮ್ಮೆ ಇಷ್ಟೂ ಬೇಕಿಲ್ಲ. ಅತ್ಯಾಚಾರಕ್ಕೆ ಒಳಗಾದವಳನ್ನೇ ಕೊಂದಿದ್ದಾರೆ. ಒಂದು ಗಾಳಿಸುದ್ದಿ, ಮೊಬೈಲಲ್ಲಿ ಹರಿದಾಡಿದ ಒಂದು ಫೋಟೋ ಸಾಕಾಗಿದೆ. ನಿಜವಾಗಿ ಏನು ನಡೆಯಿತು ಅನ್ನುವುದಕ್ಕಿಂತ ಊರಿನವರ ಬಾಯಿಗೆ ಬಿದ್ದದ್ದೇ ಅಲ್ಲಿ ಮುಖ್ಯ. ಮಾನಕ್ಕೆ ಅವರ ಮಾತಲ್ಲಿ ‘ನಾಮೂಸ್’ ಅನ್ನುತ್ತಾರೆ. ಹೆಂಗಸರ ನಡತೆಯಲ್ಲಿ ಇಡೀ ಮನೆತನದ ನಾಮೂಸ್ ಇದೆ, ಅದನ್ನು ಕಾಯುವುದು ಗಂಡಸರ ಕೆಲಸ ಅನ್ನುವುದು ಲೆಕ್ಕ.

ಕೊಲೆ ಇದರ ಕೊನೆಯ ಹಂತ. ಅದಕ್ಕೂ ಮುಂಚೆ ಫೋನ್ ಕಿತ್ತುಕೊಳ್ಳುವುದು, ಕಾಲೇಜು ಬಿಡಿಸುವುದು, ತಮ್ಮನನ್ನು ಕಾವಲಿಗೆ ಹಿಂದೆ ಕಳಿಸುವುದು, ಕೂಡಿ ಹಾಕುವುದು, ಅವಸರದಲ್ಲಿ ಮದುವೆ ಮಾಡುವುದು ಎಲ್ಲ ಇರುತ್ತದೆ. ಸಾವಿರಾರು ಹೆಣ್ಣುಮಕ್ಕಳು ಬದುಕಿಡೀ ಈ ಹಂತಗಳಲ್ಲೇ ಕಳೆಯುತ್ತಾರೆ. ಅವರು ಪತ್ರಿಕೆಯ ಸುದ್ದಿ ಆಗುವುದಿಲ್ಲ.

ಬಲವಂತದ ಮದುವೆ ಹೇಗೆ ನಡೆಯುತ್ತದೆ?

ಹಲವು ರೀತಿ. ಚಿಕ್ಕಪ್ಪ, ದೊಡ್ಡಪ್ಪನ ಮಗನಿಗೆ ಹುಡುಗಿಯ ಮೇಲೆ ಮೊದಲ ಹಕ್ಕು ಅನ್ನುವ ನಂಬಿಕೆ ಹಳೆಯದು. ತೊಟ್ಟಿಲಲ್ಲಿರುವಾಗಲೇ ಇಂಥವನಿಗೆ ಅಂತ ಮಾತು ಕೊಡುವ ಪದ್ಧತಿಯೂ ಇತ್ತು. ಎರಡು ಮನೆತನಗಳ ನಡುವೆ ಕೊಲೆಯಾಗಿ ದ್ವೇಷ ಬೆಳೆದಾಗ, ರಾಜಿಗೆ ಅಂತ ಒಂದು ಮನೆಯ ಹುಡುಗಿಯನ್ನು ಇನ್ನೊಂದು ಮನೆಗೆ ಕೊಡುತ್ತಿದ್ದರು. ಅಂದರೆ ಯಾವ ಮನೆಯವರ ನೆತ್ತರು ತನ್ನವರ ಕೈಯಿಂದ ಹರಿದಿದೆಯೋ ಅದೇ ಮನೆಯ ಸೊಸೆಯಾಗಿ ಅವಳು ಬಾಳಬೇಕು. ಹೇಗೆ ನಡೆಸಿಕೊಂಡಿರಬಹುದು, ಯೋಚಿಸಿ.

ನನಗೆ ಎಲ್ಲಕ್ಕಿಂತ ಕ್ರೂರ ಅನ್ನಿಸುವುದು ಸಾಟಿ ಮದುವೆ. ಇರಾಕಿನ ಕುರ್ದರು ಇದಕ್ಕೆ ‘ಜಿನ್ ಬ ಜಿನ್’ ಅನ್ನುತ್ತಾರೆ, ಟರ್ಕಿಯಲ್ಲಿ ‘ಬೆರ್ದೆಲ್’. ನಮ್ಮ ಮಗಳನ್ನು ನಿಮ್ಮ ಮಗನಿಗೆ ಕೊಡುತ್ತೇವೆ, ನಿಮ್ಮ ಮಗಳನ್ನು ನಮ್ಮ ಮಗನಿಗೆ ಕೊಡಿ. ವಧುದಕ್ಷಿಣೆಯ, ಅಂದರೆ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡುವ ಹಣದ ಖರ್ಚು ಎರಡೂ ಕಡೆ ಉಳಿಯುತ್ತದೆ. ಆದರೆ ಒಬ್ಬಳು ಹೊಡೆತ ತಾಳಲಾರದೆ ಗಂಡನ ಮನೆ ಬಿಟ್ಟು ಬಂದರೆ, ಚೆನ್ನಾಗಿ ಬಾಳುತ್ತಿರುವ ಇನ್ನೊಬ್ಬಳನ್ನೂ ತವರಿಗೆ ಅಟ್ಟುತ್ತಾರೆ. ತನ್ನ ಬಿಡುಗಡೆಯ ಬೆಲೆಯನ್ನು ನಾದಿನಿ ತೆರಬೇಕಾಗುತ್ತದೆ ಅಂತ ಗೊತ್ತಿರುವ ಹೆಂಗಸು ಬಾಯಿ ಮುಚ್ಚಿಕೊಂಡೇ ಇರುತ್ತಾಳೆ. ಕಾವಲುಗಾರನೇ ಬೇಕಿಲ್ಲ.

ಯುರೋಪಿನಲ್ಲಿ ಬೆಳೆದ ಹುಡುಗಿಯರ ವಿಷಯದಲ್ಲಿ ಇದು ಬೇಸಿಗೆ ರಜೆಯ ಪ್ರವಾಸದ ರೂಪದಲ್ಲಿ ಬರುತ್ತದೆ. ಅಜ್ಜಿಗೆ ಹುಷಾರಿಲ್ಲ, ಅಣ್ಣನ ಮದುವೆ ಇದೆ ಅಂತ ಊರಿಗೆ ಕರೆದೊಯ್ಯುತ್ತಾರೆ. ಅಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ಅಪ್ಪನ ಜೇಬಲ್ಲಿ.

ಹಿರಿಯರು ನೋಡಿ ಮಾಡುವ ಮದುವೆ ನಮ್ಮಲ್ಲೂ ಇದೆ ಅಲ್ವಾ? ಎರಡೂ ಒಂದೇನಾ?

ಒಂದೇ ಅಲ್ಲ. ಹಿರಿಯರು ತೋರಿಸಿದ ಹುಡುಗನನ್ನು ‘ಬೇಡ’ ಅಂದಾಗ ಏನಾಗುತ್ತದೆ ಅನ್ನುವುದರಲ್ಲಿ ವ್ಯತ್ಯಾಸ ಇದೆ. ಮಾತು ಅಲ್ಲಿಗೇ ನಿಂತರೆ ಅದು ನಿಶ್ಚಯಿಸಿದ ಮದುವೆ. ಹೊಡೆತ, ಬೆದರಿಕೆ, ‘ವಿಷ ಕುಡಿಯುತ್ತೇನೆ’ ಅನ್ನುವ ಅಮ್ಮನ ಕಣ್ಣೀರು ಶುರುವಾದರೆ ಅದು ಬಲವಂತ. ಬ್ರಿಟನ್ನಿನ ಕಾನೂನು ಮಾನಸಿಕ ಒತ್ತಡವನ್ನೂ ಬಲವಂತ ಅಂತಲೇ ಎಣಿಸುತ್ತದೆ. ಗೆರೆ ಯಾವಾಗಲೂ ಸ್ಪಷ್ಟವಾಗಿ ಇರುವುದಿಲ್ಲ, ನಿಜ. ಬೇಡ ಅನ್ನುವ ಧೈರ್ಯವೇ ಬಾರದ ಹಾಗೆ ಬೆಳೆಸಿದ ಮಗಳ ಮೌನವನ್ನು ಒಪ್ಪಿಗೆ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇದು ಇಸ್ಲಾಂ ಧರ್ಮದ ಆಚರಣೆಯಾ?

ಅಲ್ಲ. ಕುರ್ದರಲ್ಲಿ ಹೆಚ್ಚಿನವರು ಸುನ್ನಿ ಮುಸ್ಲಿಮರು. ಆದರೆ ಅಲೆವಿಗಳು, ಯಜೀದಿಗಳು, ಯಾರ್ಸಾನಿಗಳು ಹೀಗೆ ಬೇರೆ ಪಂಥ, ಬೇರೆ ಧರ್ಮದವರೂ ಇದ್ದಾರೆ. 2007ರ ಏಪ್ರಿಲಿನಲ್ಲಿ ಮೊಸುಲ್ ಹತ್ತಿರದ ಬಶೀಕಾ ಅನ್ನುವ ಊರಲ್ಲಿ ದುಆ ಖಲೀಲ್ ಅಸ್ವದ್ ಅನ್ನುವ 17 ವರ್ಷದ ಹುಡುಗಿಯನ್ನು ಗುಂಪೊಂದು ಬೀದಿಯಲ್ಲಿ ಕಲ್ಲು ಹೊಡೆದು ಕೊಂದಿತು. ಅವಳು ಕುರ್ದಿ ಮಾತಾಡುವ ಯಜೀದಿ ಕುಟುಂಬದವಳು, ಅವಳ ಹೆಸರಿನ ಜೊತೆ ಕೇಳಿಬಂದದ್ದು ಮುಸ್ಲಿಂ ಹುಡುಗನ ಹೆಸರು. ನೆರೆದವರು ಮೊಬೈಲಲ್ಲಿ ಅದನ್ನು ಚಿತ್ರೀಕರಿಸಿದರು. ಆ ದೃಶ್ಯ ಹೊರಬಂದ ಮೇಲೆ ಕುರ್ದ್ ಮಹಿಳೆಯರು ಬೀದಿಗಿಳಿದರು.

ಹಿಂದೂ, ಸಿಖ್, ಕ್ರೈಸ್ತ ಕುಟುಂಬಗಳಲ್ಲೂ ಇಂಥ ಕೊಲೆಗಳು ಆಗಿವೆ. ಕರ್ನಾಟಕದಲ್ಲಿ ಜಾತಿ ಮೀರಿ ಮದುವೆಯಾದವರನ್ನು ಹೆತ್ತವರೇ, ಒಡಹುಟ್ಟಿದವರೇ ಕೊಂದ ಸುದ್ದಿಗಳನ್ನು ನಾವು ಓದುತ್ತಲೇ ಇದ್ದೇವೆ. ಮೂಲ ಇರುವುದು ಮನೆತನ, ಜಮೀನು, ಬುಡಕಟ್ಟಿನ ಕಟ್ಟುಪಾಡಿನಲ್ಲಿ. ಆದರೂ ಧರ್ಮದ ಹೆಸರು ಹೇಳಿ ಸಮರ್ಥಿಸಿಕೊಳ್ಳುವವರು ಇದ್ದಾರೆ, ಅದನ್ನು ಮುಚ್ಚಿಡಬೇಕಾಗಿಲ್ಲ.

ಬನಾಜ್ ಮಹಮೂದ್ ಪ್ರಕರಣವನ್ನು ಎಲ್ಲರೂ ಯಾಕೆ ಎತ್ತುತ್ತಾರೆ?

ಅವಳು ಮೊದಲೇ ಎಲ್ಲ ಹೇಳಿದ್ದಳು. ಅದಕ್ಕೆ.

ಬನಾಜ್ ಇರಾಕಿ ಕುರ್ದಿಸ್ತಾನದಲ್ಲಿ ಹುಟ್ಟಿ, ದಕ್ಷಿಣ ಲಂಡನ್ನಿನ ಮಿಚಮ್‌ನಲ್ಲಿ ಬೆಳೆದವಳು. 17ಕ್ಕೆ ಮದುವೆ ಮಾಡಿದರು. ಗಂಡ ಹಿಂಸೆ ಕೊಟ್ಟ, ಅವಳು ಬಿಟ್ಟು ಬಂದಳು. ಆಮೇಲೆ ಒಬ್ಬ ಹುಡುಗನನ್ನು ಇಷ್ಟಪಟ್ಟಳು. ತನ್ನನ್ನು ಕೊಲ್ಲಲು ಮಾತುಕತೆ ನಡೆದಿದೆ ಅಂತ ಗೊತ್ತಾದಾಗ, 2005ರ ಡಿಸೆಂಬರಿನಲ್ಲಿ ಪೊಲೀಸ್ ಠಾಣೆಗೆ ಹೋಗಿ ಯಾರ ಯಾರ ಮೇಲೆ ಭಯ ಇದೆ ಅಂತ ಹೆಸರುಗಳನ್ನು ಬರೆದುಕೊಟ್ಟಳು.

ಡಿಸೆಂಬರ್ 31ರ ರಾತ್ರಿ ಅಪ್ಪ ಅವಳಿಗೆ ಬ್ರಾಂಡಿ ಕುಡಿಸಿದ. ಅವನ ಉದ್ದೇಶ ಅನುಮಾನಿಸಿ ಅವಳು ಓಡಿದಳು. ಪಕ್ಕದ ಮನೆಯವರ ಗಮನ ಸೆಳೆಯಲು ಕೈಯಿಂದಲೇ ಕಿಟಕಿ ಒಡೆದಳು. ರಕ್ತ ಸೋರುವ ಕೈಯಲ್ಲಿ ಒಂದು ಕೆಫೆಗೆ ನುಗ್ಗಿ ಕುಸಿದಳು. ಆ ರಾತ್ರಿ ಬಂದ ಪೊಲೀಸ್ ಅಧಿಕಾರಿಗೆ ಇದು ನಾಟಕ ಅನ್ನಿಸಿತು. ಕಿಟಕಿ ಒಡೆದದ್ದಕ್ಕೆ ಅವಳ ಮೇಲೇ ಕೇಸ್ ಹಾಕುವ ಯೋಚನೆ ಆ ಅಧಿಕಾರಿಗೆ ಬಂದಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಬನಾಜ್ ನಡೆದದ್ದನ್ನು ಹೇಳುವಾಗ ಅವಳ ಗೆಳೆಯ ತನ್ನ ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡ. ಆ ಮಾತುಗಳು ಮುಂದೆ ಅವಳೇ ಕೊಟ್ಟ ಸಾಕ್ಷಿಯಾದವು.

2006ರ ಜನವರಿ 24ರಂದು, ಅಪ್ಪ ಅಮ್ಮ ಹೊರಗೆ ಹೋಗಿದ್ದಾಗ ಅವಳನ್ನು ಮನೆಯಲ್ಲೇ ಕೊಂದರು. ಹಿಂದಿನ ದಿನವಷ್ಟೇ ಅವಳು ಮತ್ತೆ ಠಾಣೆಗೆ ಹೋಗಿದ್ದಳು. ಸುರಕ್ಷಿತ ಜಾಗ ಕೊಡುತ್ತೇವೆ ಅಂದಾಗ, ಅಮ್ಮ ಮನೆಯಲ್ಲಿ ಇದ್ದಾಳಲ್ಲ, ಏನೂ ಆಗಲ್ಲ ಅಂತ ನಂಬಿ ವಾಪಸ್ಸು ಹೋದಳು. ಆಗ ಅವಳಿಗೆ 20 ವರ್ಷ. ದೇಹ ಏಪ್ರಿಲಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಒಂದು ಮನೆಯ ಹಿತ್ತಿಲಲ್ಲಿ, ಸೂಟ್‌ಕೇಸಿನಲ್ಲಿ ಹೂತಿಟ್ಟದ್ದು ಸಿಕ್ಕಿತು.

ತನಿಖೆಯ ಹೊಣೆ ಹೊತ್ತ ಕ್ಯಾರೊಲಿನ್ ಗೂಡ್ ಪಟ್ಟು ಬಿಡಲಿಲ್ಲ. ಬನಾಜ್‌ಳ ಅಕ್ಕ ಬೆಖಾಲ್ ಸ್ವಂತ ಅಪ್ಪನ ವಿರುದ್ಧ ಕೋರ್ಟಿನಲ್ಲಿ ಸಾಕ್ಷಿ ಹೇಳಿದಳು. 2007ರಲ್ಲಿ ಅಪ್ಪನಿಗೂ ಚಿಕ್ಕಪ್ಪನಿಗೂ ಜೀವಾವಧಿ ಆಯಿತು. ಇರಾಕಿಗೆ ಓಡಿಹೋಗಿದ್ದ ಇಬ್ಬರನ್ನು ಬ್ರಿಟನ್ನಿಗೆ ಕರೆತಂದು 2010ರಲ್ಲಿ ಶಿಕ್ಷೆ ಕೊಡಿಸಿದರು. ಇರಾಕ್ ಹಾಗೆ ಬ್ರಿಟನ್ನಿಗೆ ಆರೋಪಿಗಳನ್ನು ಒಪ್ಪಿಸಿದ್ದು ಅದೇ ಮೊದಲು.

ಸ್ವೀಡನ್ನಿನ ಫದೀಮೆ ಯಾರು?

ಫದೀಮೆ ಶಾಹಿಂದಾಲ್ ಟರ್ಕಿಯ ಕುರ್ದ್ ಕುಟುಂಬದ ಮಗಳು. ಏಳನೇ ವಯಸ್ಸಿಗೆ ಸ್ವೀಡನ್ನಿಗೆ ಬಂದಳು. ಸ್ವೀಡಿಷ್ ಹುಡುಗನನ್ನು ಪ್ರೀತಿಸಿದ್ದಕ್ಕೆ ಅಪ್ಪ, ತಮ್ಮನಿಂದ ಬೆದರಿಕೆ ಬಂತು. ಅವಳು ಸುಮ್ಮನೆ ಅಡಗಿ ಕೂರಲಿಲ್ಲ. ಟಿವಿ ಮುಂದೆ ಮಾತಾಡಿದಳು, ಕೋರ್ಟಿಗೆ ಹೋದಳು, ಇಬ್ಬರಿಗೂ ಶಿಕ್ಷೆ ಆಯಿತು. ಅವಳು ಪ್ರೀತಿಸಿದ ಹುಡುಗ 1998ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ.

2001ರ ನವೆಂಬರಿನಲ್ಲಿ ಅವಳು ಸ್ವೀಡನ್ನಿನ ಸಂಸತ್ ಭವನದಲ್ಲಿ ಮಾತಾಡಿದಳು. ನನ್ನನ್ನು ಹೆದರಿಸಿದವರು ರಾಕ್ಷಸರು ಅಂತ ಅವಳು ಹೇಳಲಿಲ್ಲ. ನನ್ನ ಅಪ್ಪ ಅಮ್ಮನನ್ನು ಈ ಸಮಾಜ ಹೊರಗೇ ಇಟ್ಟಿತ್ತು, ಮೊದಲೇ ಕೈ ಹಿಡಿದು ಒಳಗೆ ಕರೆದುಕೊಂಡಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲವೇನೋ ಅನ್ನುವ ಅರ್ಥದ ಮಾತು ಆಡಿದಳು. ಎರಡು ತಿಂಗಳ ಬಳಿಕ, 2002ರ ಜನವರಿ 21ರಂದು, ಅಮ್ಮ ಮತ್ತು ತಂಗಿಯರನ್ನು ನೋಡಲು ಗುಟ್ಟಾಗಿ ಉಪ್ಸಾಲಾಕ್ಕೆ ಬಂದಿದ್ದಳು. ಅವರ ಕಣ್ಣೆದುರಿಗೇ ಅಪ್ಪ ಗುಂಡು ಹೊಡೆದ. ಉಪ್ಸಾಲಾದ ದೊಡ್ಡ ಚರ್ಚಿನಲ್ಲಿ ನಡೆದ ಅಂತ್ಯಕ್ರಿಯೆಗೆ ರಾಜಕುಮಾರಿಯೂ ಬಂದಿದ್ದಳು.

ಅವಳಿಗಿಂತ ಮೊದಲು, 1999ರಲ್ಲಿ, ಸ್ವೀಡನ್ನಿನಿಂದಲೇ ದೊಹೂಕ್‌ಗೆ ಕರೆದೊಯ್ದು ಪೇಲಾ ಅತ್ರೋಶಿ ಅನ್ನುವ 19ರ ಹುಡುಗಿಯನ್ನು ಚಿಕ್ಕಪ್ಪಂದಿರು ಕೊಂದಿದ್ದರು. ಅವಳ ತಂಗಿ ಸ್ವೀಡನ್ನಿಗೆ ಮರಳಿ ಸಾಕ್ಷಿ ಹೇಳಿದ್ದರಿಂದ ಅಲ್ಲಿನ ಕೋರ್ಟಿನಲ್ಲಿ ಶಿಕ್ಷೆ ಆಯಿತು.

ಜರ್ಮನಿಯಲ್ಲಿ?

ಹತೂನ್ ಸುರುಜು. ಬರ್ಲಿನ್ನಿನಲ್ಲಿ ಹುಟ್ಟಿದ ಕುರ್ದ್ ಹುಡುಗಿ. 16ಕ್ಕೆ ಟರ್ಕಿಯಲ್ಲಿ ನೆಂಟರ ಹುಡುಗನಿಗೆ ಕೊಟ್ಟು ಮದುವೆ. ಬಿಟ್ಟು ಬಂದು, ಮಗನನ್ನು ಸಾಕುತ್ತಾ ಎಲೆಕ್ಟ್ರಿಷಿಯನ್ ಕೆಲಸ ಕಲಿಯುತ್ತಿದ್ದಳು. 2005ರ ಫೆಬ್ರವರಿ 7ರಂದು ಮನೆ ಹತ್ತಿರದ ಬಸ್ ನಿಲ್ದಾಣದಲ್ಲಿ ತಮ್ಮನೇ ಗುಂಡಿಟ್ಟು ಕೊಂದ. ‘ಜರ್ಮನ್ನರ ಹಾಗೆ ಬದುಕುತ್ತಿದ್ದಳು’ ಅಂತ ಆ ಕೊಲೆಯನ್ನು ಸರಿ ಅಂದ ಶಾಲಾ ಹುಡುಗರೂ ಇದ್ದರು. ಇಡೀ ದೇಶ ಬೆಚ್ಚಿದ್ದು ಆ ಮಾತಿಗೆ. 2011ರಲ್ಲಿ ಬಲವಂತದ ಮದುವೆ ಜರ್ಮನಿಯಲ್ಲಿ ಪ್ರತ್ಯೇಕ ಅಪರಾಧವಾಯಿತು. ಬರ್ಲಿನ್ನಿನ ಒಂದು ಸೇತುವೆಗೆ ಈಗ ಅವಳ ಹೆಸರಿದೆ.

ಗಂಡಸರು ಬಲಿಯಾಗುವುದಿಲ್ಲವಾ?

ಆಗುತ್ತಾರೆ. ಹುಡುಗಿಯ ಗೆಳೆಯನಿಗೂ ಬೆದರಿಕೆ ಇರುತ್ತದೆ. ಬಲವಂತದ ಮದುವೆಗೆ ಹುಡುಗರನ್ನೂ ದೂಡುತ್ತಾರೆ, ಅದರಲ್ಲೂ ಸಲಿಂಗಕಾಮಿ ಅಂತ ಅನುಮಾನ ಬಂದವರನ್ನು. ಉರ್ಫಾ ಕಡೆಯ ಕುರ್ದ್ ಯುವಕ ಅಹ್ಮೆತ್ ಯಿಲ್ದಿಜ್‌ನನ್ನು 2008ರ ಜುಲೈನಲ್ಲಿ ಇಸ್ತಾಂಬುಲ್‌ನಲ್ಲಿ ಗುಂಡಿಟ್ಟು ಕೊಂದರು. ತಾನು ಸಲಿಂಗಕಾಮಿ ಅಂತ ಅವನು ಮುಚ್ಚಿಟ್ಟಿರಲಿಲ್ಲ, ಬೆದರಿಕೆ ಇದೆ ಅಂತ ಮೊದಲೇ ದೂರನ್ನೂ ಕೊಟ್ಟಿದ್ದ.

ತಾಯಂದಿರು ಯಾಕೆ ತಡೆಯುವುದಿಲ್ಲ?

ತಡೆದವರು ಇದ್ದಾರೆ. ಮಗಳನ್ನು ರಾತ್ರೋರಾತ್ರಿ ದಾಟಿಸಿದ ಅಮ್ಮಂದಿರು, ಅಜ್ಜಿಯರು ಇದ್ದಾರೆ. ಆದರೆ ಮಗಳು ‘ದಾರಿ ತಪ್ಪಿದರೆ’ ಮೊದಲ ಏಟು ಬೀಳುವುದು ಅಮ್ಮನಿಗೇ. ಉಳಿದ ಹೆಣ್ಣುಮಕ್ಕಳಿಗೆ ಗಂಡು ಸಿಗಲ್ಲ ಅನ್ನುವ ಹೆದರಿಕೆ ಬೇರೆ. ಹಾಗಾಗಿ ಕಾವಲು ಕಾಯುವವಳೂ ಕೆಲವೊಮ್ಮೆ ಅಮ್ಮನೇ. ಇದನ್ನು ಕ್ಷಮಿಸಲಾಗದು, ಆದರೆ ಸಹಾಯಕ್ಕೆ ಹೋಗುವವರಿಗೆ ಇದು ಗೊತ್ತಿರಬೇಕು. ‘ಅಮ್ಮ ಜೊತೆಗಿದ್ದಾಳೆ, ಪರವಾಗಿಲ್ಲ’ ಅಂತ ಅಂದುಕೊಳ್ಳಬಾರದು.

ಕುರ್ದರು ಇರುವ ದೇಶಗಳಲ್ಲಿ ಕಾನೂನು ಏನು ಹೇಳುತ್ತದೆ?

ಒಂದೊಂದು ಕಡೆ ಒಂದೊಂದು. ಇರಾಕಿನ 1969ರ ದಂಡ ಸಂಹಿತೆಯ 409ನೇ ಕಲಮಿನ ಪ್ರಕಾರ, ಹೆಂಡತಿಯನ್ನೋ ಮನೆಯ ಹೆಣ್ಣನ್ನೋ ಪರಪುರುಷನ ಜೊತೆ ಕಂಡು ಕೊಂದವನಿಗೆ ಹೆಚ್ಚೆಂದರೆ ಮೂರು ವರ್ಷ ಶಿಕ್ಷೆ. ಕುರ್ದಿಸ್ತಾನದಲ್ಲಿ ಮಹಿಳೆಯರು ಇದರ ವಿರುದ್ಧ ಹೋರಾಡಿದರು. ಮಾನದ ನೆಪಕ್ಕೆ ಶಿಕ್ಷೆ ಕಡಿಮೆ ಮಾಡುವುದನ್ನು 2000ದಲ್ಲಿ ಸುಲೈಮಾನಿಯಾದ ಆಡಳಿತ, 2002ರಲ್ಲಿ ಕುರ್ದಿಸ್ತಾನದ ಸಂಸತ್ತು ನಿಲ್ಲಿಸಿದವು. 2011ರ 8ನೇ ಕಾನೂನು ಬಲವಂತದ ಮದುವೆ, ಬಾಲ್ಯವಿವಾಹ, ಸಾಟಿ ಮದುವೆ, ಹೆಣ್ಣುಮಕ್ಕಳ ಜನನಾಂಗ ಕತ್ತರಿಸುವುದು ಎಲ್ಲವನ್ನೂ ಅಪರಾಧ ಮಾಡಿತು. ಒಳ್ಳೆಯ ಕಾನೂನು. ಆದರೆ ಅದರಲ್ಲೇ ರಾಜಿ ಸಮಿತಿಗೂ ಜಾಗ ಇದೆ, ಹಾಗಾಗಿ ಕೋರ್ಟಿಗೆ ಹೋಗಬೇಕಾದ ಹೆಂಗಸು ಮತ್ತೆ ಗಂಡನ ಮನೆಗೇ ಹೋಗುತ್ತಾಳೆ. ಸರ್ಕಾರಿ ಆಶ್ರಯಮನೆಗೆ ಸೇರಲು ನ್ಯಾಯಾಧೀಶರ ಆದೇಶ ಬೇಕು. ಜೀವ ಉಳಿಸಿಕೊಳ್ಳಲು ಓಡಿ ಬಂದವಳಿಗೆ ಆದೇಶ ತಾ ಅನ್ನುವುದು ಯಾವ ನ್ಯಾಯ?

ಟರ್ಕಿಯಲ್ಲಿ 2004ರಲ್ಲಿ ಗುಲ್‌ದುನ್ಯಾ ತೋರೆನ್ ಅನ್ನುವವಳ ಮೇಲೆ ಒಡಹುಟ್ಟಿದವರೇ ಇಸ್ತಾಂಬುಲ್‌ನ ಬೀದಿಯಲ್ಲಿ ಗುಂಡು ಹಾರಿಸಿದರು. ಬದುಕಿ ಆಸ್ಪತ್ರೆ ಸೇರಿದವಳನ್ನು ಅಲ್ಲಿಗೇ ಹೋಗಿ ಕೊಂದರು. ಆ ಸಾವು ದೊಡ್ಡ ಗದ್ದಲ ಎಬ್ಬಿಸಿತು. 2005ರಲ್ಲಿ ಜಾರಿಗೆ ಬಂದ ಹೊಸ ದಂಡ ಸಂಹಿತೆ ಕಟ್ಟುಪಾಡಿನ ಹೆಸರಿನ ಕೊಲೆಗೆ ಅತಿ ಕಠಿಣ ಜೀವಾವಧಿ ಇಟ್ಟಿತು. ಆದರೆ ‘ಅವಳೇ ಕೆರಳಿಸಿದಳು’ ಅಂತ ವಾದಿಸಿ ಶಿಕ್ಷೆ ಇಳಿಸಿಕೊಳ್ಳುವ ದಾರಿ ಇನ್ನೂ ಇದೆ. ಮಹಿಳೆಯರ ಮೇಲಿನ ಹಿಂಸೆ ತಡೆಯುವ ಇಸ್ತಾಂಬುಲ್ ಒಪ್ಪಂದದಿಂದ ಟರ್ಕಿ 2021ರಲ್ಲಿ ಹೊರನಡೆಯಿತು.

ಇರಾನಿನಲ್ಲಿ ಮಗಳನ್ನು ಕೊಂದ ಅಪ್ಪನಿಗೆ ಕೊಲೆಗೆ ಪ್ರತಿಯಾದ ಮರಣದಂಡನೆ ಇಲ್ಲ. 13 ವರ್ಷದ ಹುಡುಗಿಯನ್ನು ಅಪ್ಪನ ಒಪ್ಪಿಗೆ ಇದ್ದರೆ ಮದುವೆ ಮಾಡಬಹುದು. ಸಿರಿಯಾದ ಉತ್ತರದಲ್ಲಿ ಕುರ್ದರ ಆಡಳಿತ 2014ರಲ್ಲಿ ಬಲವಂತದ ಮದುವೆ, ಬಾಲ್ಯವಿವಾಹ, ಬಹುಪತ್ನಿತ್ವ ಮೂರನ್ನೂ ನಿಷೇಧಿಸಿತು.

ಕಾನೂನು ಬಿಗಿಯಾದ ಮೇಲೆ ಕಡಿಮೆ ಆಯಿತಾ?

ಕೆಲವೆಡೆ ರೂಪ ಬದಲಾಯಿತು. ಟರ್ಕಿಯ ಬತ್ಮಾನ್ ಊರಿನಲ್ಲಿ ಯುವತಿಯರ ಆತ್ಮಹತ್ಯೆಗಳು ಜಾಸ್ತಿಯಾದವು. 2006ರಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿ ಯಾಕಿನ್ ಎರ್ತುರ್ಕ್ ಅಲ್ಲಿಗೆ ಹೋಗಿ ವಿಚಾರಿಸಿದರು. ಕೊಲೆ ಮಾಡಿದರೆ ಜೈಲು, ಹಾಗಾಗಿ ಅವಳೇ ಸಾಯುವಂತೆ ಒತ್ತಾಯಿಸುವುದು ಅನ್ನುವ ಅನುಮಾನ ಅಲ್ಲಿನ ಮಹಿಳಾ ಸಂಘಟನೆಗಳದ್ದು. ಇರಾಕಿ ಕುರ್ದಿಸ್ತಾನದಲ್ಲೂ ಹೆಂಗಸರ ಸುಟ್ಟ ಗಾಯಗಳು ‘ಅಡುಗೆಮನೆ ಅವಘಡ’ ಅಂತ ದಾಖಲಾಗುತ್ತವೆ. ಸ್ಟೋವ್ ಸಿಡಿದ ಸೊಸೆಯರ ಕಥೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುರ್ದರೇ ಇದನ್ನು ವಿರೋಧಿಸುತ್ತಾರಾ?

ಎಲ್ಲರಿಗಿಂತ ಮುಂಚೆ, ಎಲ್ಲರಿಗಿಂತ ಗಟ್ಟಿಯಾಗಿ. ಇರಾನಿ ಕುರ್ದ್ ಹೋರಾಟಗಾರ್ತಿ ಡಯಾನಾ ನಾಮಿ 2002ರಲ್ಲಿ ಲಂಡನ್ನಿನಲ್ಲಿ ಇಕ್ರೊ ಅನ್ನುವ ಸಂಸ್ಥೆ ಕಟ್ಟಿದರು. ಹುಡುಗಿಯರ ಮಾತನ್ನು ಅವರದೇ ಭಾಷೆಯಲ್ಲಿ ಕೇಳಿಸಿಕೊಳ್ಳುವ ಜಾಗ ಅದು. ಸ್ವೀಡನ್ನಿನಲ್ಲಿ ಪೇಲಾ, ಫದೀಮೆಯರನ್ನು ಮರೆಯಬೇಡಿ ಅನ್ನುವುದನ್ನೇ ಹೆಸರಾಗಿ ಇಟ್ಟುಕೊಂಡ ಸಂಘಟನೆಯನ್ನು ಕಟ್ಟಿದವರು ಸಾರಾ ಮೊಹಮ್ಮದ್, ಅವರೂ ಕುರ್ದ್. ಟರ್ಕಿಯ ದಿಯಾರ್‌ಬಕಿರ್‌ನಲ್ಲಿ ನೆಬಹತ್ ಅಕ್ಕೋಚ್ 1997ರಲ್ಲಿ ಕಾಮೆರ್ ಮಹಿಳಾ ಕೇಂದ್ರ ಶುರು ಮಾಡಿದರು. ಸುಲೈಮಾನಿಯಾದ ಅಸೂದಾ ಸಂಸ್ಥೆ 2000ದಿಂದ ಹೆಂಗಸರ ಪರವಾಗಿ ಕೆಲಸ ಮಾಡುತ್ತಿದೆ. 2022ರಲ್ಲಿ ಇರಾನಿನಲ್ಲಿ ಪೊಲೀಸರ ವಶದಲ್ಲಿದ್ದ ಕುರ್ದ್ ಯುವತಿ ಜೀನಾ ಮಹ್ಸಾ ಅಮೀನಿ ಸತ್ತಾಗ ಜಗತ್ತೆಲ್ಲ ಕೂಗಿದ ‘ಜಿನ್, ಜಿಯಾನ್, ಆಜಾದಿ’ ಘೋಷಣೆ ಹುಟ್ಟಿದ್ದು ಕುರ್ದ್ ಮಹಿಳಾ ಚಳವಳಿಯಲ್ಲೇ. ಹೆಣ್ಣು, ಬದುಕು, ಸ್ವಾತಂತ್ರ್ಯ.

ಇದನ್ನೆಲ್ಲ ಮಾತಾಡಿದರೆ ವಲಸಿಗರನ್ನು ದ್ವೇಷಿಸುವವರಿಗೆ ಅಸ್ತ್ರ ಕೊಟ್ಟಂತೆ ಆಗಲ್ವಾ?

ಆ ಆತಂಕ ಸುಳ್ಳಲ್ಲ. ದ್ವೇಷ ಹರಡುವವರು ಈ ಹುಡುಗಿಯರ ಹೆಸರನ್ನು ಬಳಸಿಕೊಂಡಿದ್ದಾರೆ. ಆದರೆ ಮೌನಕ್ಕೂ ಬೆಲೆ ಇದೆ. ‘ಅವರ ಸಂಸ್ಕೃತಿ, ನಮಗ್ಯಾಕೆ’ ಅಂತ ಅಧಿಕಾರಿಗಳು ಕೈಕಟ್ಟಿ ಕೂತದ್ದಕ್ಕೆ ಜೀವಗಳು ಹೋಗಿವೆ. ಲಂಡನ್ನಿನ ಆಕ್ಟನ್‌ನಲ್ಲಿ 16 ವರ್ಷದ ಹೇಶು ಯೋನೆಸ್‌ಳನ್ನು 2002ರಲ್ಲಿ ಅಪ್ಪ ಕೊಂದ. ಆಮೇಲಷ್ಟೇ ಲಂಡನ್ ಪೊಲೀಸರು ಹಳೆಯ ನೂರಕ್ಕೂ ಹೆಚ್ಚು ಸಾವಿನ ಕಡತಗಳನ್ನು ಮತ್ತೆ ತೆರೆದು ನೋಡಿದರು. ಕುರ್ದ್ ಹುಡುಗಿಗೆ ಬೇಕಾದದ್ದು ಬೇರೆ ಯಾವ ಹುಡುಗಿಗೂ ಸಿಗುವ ರಕ್ಷಣೆ. ಅದನ್ನು ಕೇಳುವುದು ಸಮುದಾಯಕ್ಕೆ ಮಾಡುವ ಅವಮಾನ ಅಲ್ಲ.

ನನ್ನ ಸಹಪಾಠಿಯೋ ಸಹೋದ್ಯೋಗಿಯೋ ಹೀಗೆ ಹೇಳಿಕೊಂಡರೆ ನಾನೇನು ಮಾಡಲಿ?

ನಂಬಿ. ಮೊದಲು ನಂಬಿ. ಬ್ರಿಟನ್ನಿನಲ್ಲಿ ಈ ಕೆಲಸ ಮಾಡುವವರು ‘ಸಿಗುವುದು ಒಂದೇ ಅವಕಾಶ’ ಅನ್ನುತ್ತಾರೆ. ಇವತ್ತು ಹೇಳಿಕೊಂಡವಳು ನಾಳೆ ಸಿಗದೇ ಇರಬಹುದು.

ಅವಳ ಮನೆಯವರ ಜೊತೆ ಮಾತಾಡಲು ಹೋಗಬೇಡಿ. ‘ನಾನು ಹೇಳಿದರೆ ಕೇಳುತ್ತಾರೆ’ ಅನ್ನುವ ಒಳ್ಳೆಯ ಮನಸ್ಸೇ ಇಲ್ಲಿ ಅಪಾಯಕಾರಿ. ಅವಳ ನೆಂಟರನ್ನೋ ಅದೇ ಊರಿನವರನ್ನೋ ದುಭಾಷಿಯಾಗಿ ಕರೆಯಬೇಡಿ. ಮನೆಯ ಫೋನಿಗೆ ಮೆಸೇಜ್ ಬಿಡಬೇಡಿ. ಯಾವ ಸಮಯಕ್ಕೆ, ಯಾವ ನಂಬರಿಗೆ ಕರೆ ಮಾಡಿದರೆ ಸುರಕ್ಷಿತ ಅಂತ ಅವಳನ್ನೇ ಕೇಳಿ. ಪಾಸ್‌ಪೋರ್ಟ್ ಪ್ರತಿ, ಊರಿನ ವಿಳಾಸ, ಹೋಗುವ ಮತ್ತು ಬರುವ ದಿನಾಂಕ ನಿಮ್ಮ ಹತ್ತಿರ ಒಂದು ಕಡೆ ಬರೆದಿಡಿ. ಬರಬೇಕಾದ ದಿನ ಬಾರದಿದ್ದರೆ ಯಾರಿಗೆ ಹೇಳಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಅಪಾಯ ಹತ್ತಿರ ಅನ್ನಿಸಿದರೆ ಪೊಲೀಸರಿಗೆ ಹೇಳಿ. ಅವಳು ಕುಟುಂಬದ ಮೇಲೆ ಕೇಸ್ ಬೇಡ ಅನ್ನಬಹುದು. ಅದೂ ಸಹಜ, ಅಪ್ಪ ಅಮ್ಮನ ಮೇಲಿನ ಪ್ರೀತಿ ಭಯದಿಂದ ಸಾಯುವುದಿಲ್ಲ.

ವಿಮಾನ ಹತ್ತಿಸುವ ಹೊತ್ತಿಗೆ ಏನಾದರೂ ಮಾಡಬಹುದಾ?

ಮಾಡಬಹುದು. ಒಳಉಡುಪಿನಲ್ಲಿ ಒಂದು ಸ್ಟೀಲ್ ಚಮಚ ಅಡಗಿಸಿಟ್ಟುಕೊಳ್ಳಿ ಅಂತ ಬ್ರಿಟನ್ನಿನ ಕರ್ಮ ನಿರ್ವಾಣ ಸಂಸ್ಥೆ ಸಲಹೆ ಕೊಡುತ್ತದೆ. ತಪಾಸಣೆಯಲ್ಲಿ ಯಂತ್ರ ಕೂಗುತ್ತದೆ, ಹುಡುಗಿಯನ್ನು ಒಬ್ಬಳನ್ನೇ ಪಕ್ಕದ ಕೋಣೆಗೆ ಕರೆದೊಯ್ಯುತ್ತಾರೆ. ಅಪ್ಪ ಅಣ್ಣ ಇಲ್ಲದ ಆ ಎರಡು ನಿಮಿಷ ಅವಳಿಗೆ ಬಾಯಿ ಬಿಡಲು ಸಾಕು. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರಾಡಳಿತವೂ ಈ ಉಪಾಯವನ್ನು ತನ್ನ ಸಿಬ್ಬಂದಿಗೆ ಹೇಳಿಕೊಟ್ಟಿದೆ. 2020ರಿಂದ ಸ್ವೀಡನ್ನಿನಲ್ಲಿ ಇಂಥ ಭಯ ಇರುವ ಮಕ್ಕಳು ದೇಶ ಬಿಡದಂತೆ ಕೋರ್ಟ್ ತಡೆ ಹಾಕಬಹುದು.

ವಿದೇಶದಲ್ಲಿರುವ ಕನ್ನಡಿಗರಿಗೂ ಈ ಕಾನೂನು, ಸಹಾಯ ಅನ್ವಯಿಸುತ್ತದಾ?

ಖಂಡಿತ. ಬ್ರಿಟನ್ನಿನಲ್ಲಿ ಸಹಾಯ ಕೇಳುವವರಲ್ಲಿ ದಕ್ಷಿಣ ಏಷ್ಯಾದ ಕುಟುಂಬಗಳವರೇ ಹೆಚ್ಚು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2014ರಿಂದ ಬಲವಂತದ ಮದುವೆಗೆ ಏಳು ವರ್ಷದವರೆಗೆ ಜೈಲು ಇದೆ, 2023ರಿಂದ ಮದುವೆಯ ಕನಿಷ್ಠ ವಯಸ್ಸು 18. ಕೇಸ್ ಹಾಕದೆಯೇ ಕೋರ್ಟಿನಿಂದ ರಕ್ಷಣಾ ಆದೇಶ ಪಡೆದು ಪಾಸ್‌ಪೋರ್ಟ್ ಜಪ್ತಿ ಮಾಡಿಸಬಹುದು. ಅಲ್ಲಿನ ಸರ್ಕಾರದ ಬಲವಂತದ ಮದುವೆ ತಡೆ ಘಟಕದ ನಂಬರ್ 020 7008 0151. ಕರ್ಮ ನಿರ್ವಾಣ 0800 5999 247. ಸ್ವೀಡನ್ನಿನಲ್ಲಿ 020 50 50 50, ಜರ್ಮನಿಯಲ್ಲಿ 116 016. ಕರ್ನಾಟಕದಲ್ಲಿ ಇರುವವರು ಮಹಿಳಾ ಸಹಾಯವಾಣಿ 181 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬಹುದು. ಮನೆಯವರು ಫೋನ್ ನೋಡುತ್ತಾರೆ ಅನ್ನುವ ಭಯ ಇದ್ದರೆ ಗೆಳತಿಯ ಫೋನಿನಿಂದ ಮಾಡಿ, ಕರೆ ಮುಗಿದ ಮೇಲೆ ನಂಬರ್ ಅಳಿಸಿ.